ಚೆಲ್ಲೊ ಗೋಷ್ಠಿ ರಾಕ್ ವೇದಿಕೆಗೆ ಬಂದ ದಾರಿ

ಫಿನ್ಲೆಂಡಿನ ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಯುತ್ತಿದ್ದ ಚೆಲ್ಲೊ (ಪಿಟೀಲಿನ ಬಳಗದ, ಕುಳಿತು ನುಡಿಸುವ ದೊಡ್ಡ ವಾದ್ಯ) ವಾದಕರು 1993ರಲ್ಲಿ 'ಅಪೋಕ್ಯಾಲಿಪ್ಟಿಕಾ' ಎಂಬ ತಂಡ ಕಟ್ಟಿಕೊಂಡರು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ತಂಡವಾದ ಮೆಟಾಲಿಕಾದ ಹಾಡುಗಳನ್ನು ಗಿಟಾರ್, ಡ್ರಮ್, ಗಾಯಕ ಯಾವುದೂ ಇಲ್ಲದೆ ನಾಲ್ಕೇ ಚೆಲ್ಲೊಗಳಲ್ಲಿ ನುಡಿಸಿದ ಅವರ ಮೊದಲ ಆಲ್ಬಂ 1996ರಲ್ಲಿ ಬಂತು. ಶಾಸ್ತ್ರೀಯ ವಾದ್ಯವೊಂದು ದಾರಿ ತಪ್ಪಿತೆಂದು ಇದನ್ನು ಕಂಡು ಮರುಗುವವರು ಚೆಲ್ಲೊ ಗೋಷ್ಠಿಯ ಹಿಂದಿನ ಚರಿತ್ರೆಯನ್ನು ಒಮ್ಮೆ ನೋಡಬೇಕು.

ಚೆಲ್ಲೊಗಳಷ್ಟೇ ಕೂಡಿ ನುಡಿಸಬಹುದಾದ ಕೃತಿಗಳು ಮೊದಲಿನಿಂದಲೂ ಕಡಿಮೆ. ಲೈಪ್‌ಜಿಗ್‌ನ ಚೆಲ್ಲೊ ವಾದಕ ಯೂಲಿಯಸ್ ಕ್ಲೆಂಗೆಲ್ 1920ರಲ್ಲಿ, ವಾದ್ಯವೃಂದದ ನಿರ್ದೇಶಕ ಆರ್ಥರ್ ನಿಕಿಷ್ ಅವರ 65ನೇ ಹುಟ್ಟುಹಬ್ಬಕ್ಕಾಗಿ ಹನ್ನೆರಡು ಚೆಲ್ಲೊಗಳ 'ಹಿಮ್ನುಸ್' ರಚಿಸಿದರು. ಹತ್ತು ವರ್ಷಗಳ ನಂತರ ಬ್ರೆಜಿಲ್‌ನ ಸಂಗೀತಕಾರ ವಿಲ್ಲಾ-ಲೋಬೋಸ್ ಚೆಲ್ಲೊಗಳಿಗಾಗಿಯೇ ಬರೆದ ಮೊದಲ 'ಬಾಕಿಯಾನಸ್' ಕೃತಿಯಲ್ಲಿ ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಸ್ವರಧಾರೆಗಳ ಹೆಣಿಗೆಯ ಜೊತೆಗೆ ಎಂಬೊಲಾಡ, ಮೊಡಿನ್ಯಾ ಎಂಬ ತಮ್ಮ ನಾಡಿನ ಜನಪ್ರಿಯ ಧಾಟಿಗಳು ಸೇರಿಕೊಂಡಿವೆ. ಸ್ವತಃ ಚೆಲ್ಲೊ ವಾದಕರಾಗಿದ್ದ ಅವರು ರಿಯೊ ನಗರದ ಕಾಫಿ ಅಂಗಡಿಗಳಲ್ಲಿಯೂ ಚಿತ್ರಮಂದಿರಗಳಲ್ಲಿಯೂ ನುಡಿಸಿ ಬದುಕಿದ್ದವರು; ಬೀದಿಯ ಸಂಗೀತ ಅವರಿಗೆ ಎರವಲಿನದಾಗಿರಲಿಲ್ಲ, ಆ ಕೃತಿ ಇಂದಿಗೂ ಹಳತಾಗದಿರುವುದಕ್ಕೆ ಇದೇ ಕಾರಣವೆಂದು ನನಗನ್ನಿಸುತ್ತದೆ.

1972ರಲ್ಲಿ ವಾದ್ಯವೃಂದವಾದ ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಚೆಲ್ಲೊ ವಾದಕರು ಸಾಲ್ಜ್‌ಬರ್ಗ್‌ನಲ್ಲಿ ರೇಡಿಯೊಗಾಗಿ ಕ್ಲೆಂಗೆಲ್‌ರ ಅದೇ ಕೃತಿಯನ್ನು ನುಡಿಸಿದಾಗ ಅವರ ಹನ್ನೆರಡು ಜನರ ಗೋಷ್ಠಿ ಹುಟ್ಟಿತು. ಅವರಿಗಾಗಿ ಜರ್ಮನ್ ಸಂಗೀತಕಾರ ಬೋರಿಸ್ ಬ್ಲಾಖರ್ ಬರೆದುಕೊಟ್ಟ ರಚನೆಯ ಹೆಸರಿನಲ್ಲಿಯೇ ಬ್ಲೂಸ್, ರುಂಬಾ ಎಂಬ ಜನಪ್ರಿಯ ಸಂಗೀತ ಪ್ರಕಾರಗಳು ಇದ್ದವು; ಬೀಟಲ್ಸ್ ಹಾಡುಗಳನ್ನು ಅವರು ಧ್ವನಿಮುದ್ರಿಸಿದ್ದು ಅದರ ಮುಂದಿನ ಹೆಜ್ಜೆ.

ಶಾಸ್ತ್ರೀಯ, ಜನಪ್ರಿಯ ಸಂಗೀತಗಳ ಈ ಕೂಡಿಕೆಗೆ ವಾದ್ಯದ ರಚನೆಯೂ ಒದಗಿಬರುತ್ತದೆ. ಚೆಲ್ಲೊದ ಅತಿ ಮಂದ್ರ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿದರೆ, ಮೇಲಿನ ತಂತಿ ಹೆಣ್ಣುದನಿಯ ಎತ್ತರವನ್ನೂ ಮುಟ್ಟುವುದರಿಂದ, ಒಬ್ಬರು ಹಾಡಿನ ಮಟ್ಟನ್ನೂ ಇನ್ನೊಬ್ಬರು ಬೇಸ್ ಗಿಟಾರಿನ ಪಾಲನ್ನೂ ಹೊರಬಹುದು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಅಕ್ಕಪಕ್ಕದ ಎರಡು ತಂತಿಗಳ ನಡುವೆ ಷಡ್ಜ-ಪಂಚಮದ ಅಂತರವಿರುತ್ತದೆ, ಮತ್ತು ರಾಕ್ ಗಿಟಾರಿನ 'ಪವರ್ ಕಾರ್ಡ್' ಎಂಬುದೂ ಮೂಲತಃ ಷಡ್ಜ-ಪಂಚಮಗಳ ಜೋಡಿಯೇ. ಒಂದೇ ಬೆರಳನ್ನು ಎರಡು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಕಮಾನನ್ನು ಬಲವಾಗಿ ಎಳೆದರೆ ಆ ಜೋಡಿ ಸಿಕ್ಕಿಬಿಡುತ್ತದೆ. ಬೆರಳನ್ನು ಮೇಲೆ ಕೆಳಗೆ ಜಾರಿಸಿದರೆ ಇಡೀ ರಿಫ್, ಅಂದರೆ ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ತುಣುಕು, ಹೊರಡುತ್ತದೆ.

ನಿಜವಾದ ತೊಡಕು ಧ್ವನಿಯ ಪ್ರಮಾಣದ್ದು. ಸಾವಿರಾರು ಜನರ ಮುಂದೆ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಜೋಡಿಸಿ ನುಡಿಸುವಾಗ ಮರದ ಟೊಳ್ಳು ಒಡಲು ಸ್ಪೀಕರಿನ ಸದ್ದಿಗೂ ಕಂಪಿಸುತ್ತದೆ, ಆ ಕಂಪನವನ್ನು ಪಿಕಪ್ ಮತ್ತೆ ಹಿಡಿದುಕೊಳ್ಳುವುದರಿಂದ ಫೀಡ್‌ಬ್ಯಾಕ್ ಊಳಿಡತೊಡಗುತ್ತದೆ. ಟೊಳ್ಳಿಲ್ಲದ ಎಲೆಕ್ಟ್ರಿಕ್ ಚೆಲ್ಲೊ ಇದಕ್ಕೊಂದು ಪರಿಹಾರ. 2011ರಲ್ಲಿ ಮೈಕೆಲ್ ಜಾಕ್ಸನ್ ಹಾಡೊಂದರ ವಿಡಿಯೊದಿಂದ ಹೆಸರಾದ ಲೂಕಾ ಶೂಲಿಚ್ ಮತ್ತು ಸ್ಟೆಪಾನ್ ಹೌಸರ್ ಜೋಡಿ ದೊಡ್ಡ ವೇದಿಕೆಗಳಲ್ಲಿ ಅದನ್ನೇ ಬಳಸಿತು. ಅಮೆರಿಕದ ಪೋರ್ಟ್‌ಲೆಂಡ್ ಚೆಲ್ಲೊ ಪ್ರಾಜೆಕ್ಟ್ ಚೆಲ್ಲೊವನ್ನು ಬಾರ್, ಕ್ಲಬ್ಬುಗಳಿಗೆ ಒಯ್ದು, ಬಾಖ್ ಮತ್ತು ರಾಪ್ ಎರಡನ್ನೂ ಅಲ್ಲಿ ಕೇಳಿಸಿತು.

ಅಪೋಕ್ಯಾಲಿಪ್ಟಿಕಾ ಮಾತ್ರ ಬೇರೊಂದು ದಿಕ್ಕಿಗೆ ಹೊರಳಿತು. 1998ರ ಆಲ್ಬಂನಿಂದ ತನ್ನದೇ ರಚನೆಗಳನ್ನು ಸೇರಿಸಿಕೊಂಡ ತಂಡಕ್ಕೆ 2005ರಲ್ಲಿ ಡ್ರಮ್ ವಾದಕ ಮಿಕ್ಕೊ ಸಿರೆನ್ ಖಾಯಂ ಸದಸ್ಯರಾಗಿ ಬಂದರು. ಆರಂಭದಲ್ಲಿ ಕಮಾನಿನ ಹೊಡೆತದಿಂದಲೇ ಹುಟ್ಟುತ್ತಿದ್ದ ಲಯದ ಹೊರೆ ಹೀಗೆ ಡ್ರಮ್ಮಿಗೆ ಹೋಯಿತು. ನನಗೆ 1996ರ ಧ್ವನಿಮುದ್ರಣವೇ ಹೆಚ್ಚು ಪ್ರಿಯ: ಅದರಲ್ಲಿ ಕಮಾನಿನ ಕೂದಲು ತಂತಿಯನ್ನು ಉಜ್ಜುವ ಸದ್ದೂ ಕೇಳಿಸುತ್ತದೆ.