ಉಳಿಸಿದ ಕರೆಂಟು ಎಲ್ಲಿಗೆ ಹೋಯಿತು?

ಡೇಟಾ ಸೆಂಟರ್ ಅಂದರೆ ಒಂದು ರೀತಿಯ ದೊಡ್ಡ ಒಲೆ. ಅಲ್ಲಿ ಸಾಲುಸಾಲಾಗಿ ಓಡುವ ಸರ್ವರ್‌ಗಳು, ಅಂದರೆ ಇಂಟರ್ನೆಟ್ಟಿನ ಕೆಲಸ ಮಾಡುವ ಕಂಪ್ಯೂಟರ್‌ಗಳು, ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಆ ಬಿಸಿಯನ್ನು ಆಚೆ ಹಾಕಲು ಚಿಲ್ಲರ್, ಪಂಪು, ಕೂಲಿಂಗ್ ಟವರ್‌ಗಳು ಹಗಲಿರುಳು ಓಡಬೇಕು. ಅವಕ್ಕೂ ಕರೆಂಟು ಬೇಕು.

ಯಾವ ಪಂಪು ಎಷ್ಟು ಓಡಿದರೆ ಸಾಕು? ಹೊರಗಿನ ಹವೆ, ಒಳಗಿನ ಕೆಲಸದ ಹೊರೆ ಎರಡೂ ಗಳಿಗೆಗೊಮ್ಮೆ ಬದಲಾಗುವಾಗ ನುರಿತ ಎಂಜಿನಿಯರ್‌ಗೂ ಇದು ಬಾಯಿಲೆಕ್ಕಕ್ಕೆ ದಕ್ಕುವುದಿಲ್ಲ. ಒಂದನ್ನು ತಿರುಗಿಸಿದರೆ ಇನ್ನು ನಾಲ್ಕು ಏರುಪೇರಾಗುತ್ತವೆ. ಗೂಗಲ್‌ನ ಕೃತಕ ಬುದ್ಧಿಮತ್ತೆ ವಿಭಾಗವಾದ ಡೀಪ್‌ಮೈಂಡ್ ತಂಡ ಸಾವಿರಾರು ಸೆನ್ಸರ್‌ಗಳು ಕೂಡಿಟ್ಟ ಹಳೆಯ ಅಂಕಿಗಳನ್ನು ನ್ಯೂರಲ್ ನೆಟ್‌ವರ್ಕ್‌ಗೆ (ಅಂಕಿಗಳಿಂದ ತಾನೇ ಕಲಿಯುವ ಕಂಪ್ಯೂಟರ್ ವ್ಯವಸ್ಥೆ) ಉಣಿಸಿ, ಈ ಲೆಕ್ಕವನ್ನು ಅದಕ್ಕೇ ಕಲಿಸಿತು. ತಂಪು ಮಾಡುವ ವಿದ್ಯುತ್ತಿನಲ್ಲಿ ಶೇ. 40ರವರೆಗೆ ಉಳಿತಾಯವಾಯಿತೆಂದು 2016ರಲ್ಲಿ ಪ್ರಕಟಿಸಿತು. 2018ರ ಹೊತ್ತಿಗೆ ಆ ವ್ಯವಸ್ಥೆ ಐದು ನಿಮಿಷಕ್ಕೊಮ್ಮೆ ಅಂಕಿ ನೋಡಿ, ಎಂಜಿನಿಯರ್‌ಗಳ ಕಣ್ಗಾವಲಿನಲ್ಲಿ, ಯಂತ್ರಗಳನ್ನು ತಾನೇ ಹತೋಟಿ ಮಾಡತೊಡಗಿತ್ತು.

ಡಿಜಿಟಲ್ ಆದರೆ ಪರಿಸರಕ್ಕೆ ಒಳ್ಳೆಯದು ಎನ್ನುವವರು ತೋರಿಸುವುದು ಇಂಥ ಉದಾಹರಣೆಗಳನ್ನೇ. ಸುಳ್ಳೇನಲ್ಲ. ಆದರೆ ಅದೇ ಗೂಗಲ್‌ನ 2024ರ ಪರಿಸರ ವರದಿ ತೆರೆದರೆ, 2023ರಲ್ಲಿ ಅದು ಹೊರಬಿಟ್ಟ ಹಸಿರುಮನೆ ಅನಿಲ 2019ಕ್ಕಿಂತ ಶೇ. 48 ಹೆಚ್ಚು. ಮುಖ್ಯ ಕಾರಣಗಳಲ್ಲೊಂದು ಡೇಟಾ ಸೆಂಟರ್‌ಗಳ ವಿದ್ಯುತ್ತು!

ಉಳಿತಾಯವೇ ಒಟ್ಟು ಬಳಕೆಯನ್ನು ಏರಿಸಬಲ್ಲದು ಎಂಬುದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಕಂಡಿದ್ದ. ಜೇಮ್ಸ್ ವಾಟ್‌ನ ಉಗಿ ಎಂಜಿನ್ ಕಡಿಮೆ ಕಲ್ಲಿದ್ದಲು ತಿಂದದ್ದರಿಂದಲೇ ಅದು ಎಲ್ಲೆಡೆ ಹಬ್ಬಿ, ಒಟ್ಟು ಬಳಕೆ ಏರಿತು. ಎಲ್‌ಇಡಿ ಬಂದ ಮೇಲೆ ನಮ್ಮ ಕಾಂಪೌಂಡಿಗೂ ತುಳಸಿಕಟ್ಟೆಗೂ ದೀಪ ಬಂದ ಹಾಗೆ.

ಇನ್ನೂ ಸೂಕ್ಷ್ಮವಾದ ಒಂದು ಕೈಚಳಕವಿದೆ. ಕಂಪನಿಯೊಂದು ತನ್ನ ಸರ್ವರ್ ಕೋಣೆ ಮುಚ್ಚಿ ಕ್ಲೌಡಿಗೆ, ಅಂದರೆ ಬೇರೆಯವರ ಡೇಟಾ ಸೆಂಟರಿನ ಬಾಡಿಗೆ ಸರ್ವರ್‌ಗಳಿಗೆ, ಹೋಯಿತೆನ್ನಿ. ಅದರ ಕರೆಂಟು ಬಿಲ್ಲು ಇಳಿಯುತ್ತದೆ, ಲೆಕ್ಕದಲ್ಲಿ ಕಾರ್ಬನ್ನೂ ಇಳಿಯುತ್ತದೆ. ಕೆಲಸ ಮಾತ್ರ ಬೇರೆಯವರ ಕಟ್ಟಡದಲ್ಲಿ ನಡೆಯುತ್ತಿದೆ. ದೊಡ್ಡ ಡೇಟಾ ಸೆಂಟರ್‌ಗಳು ದಕ್ಷವಾಗಿರುವುದರಿಂದ ನಿಜವಾದ ಉಳಿತಾಯವೂ ಇರಬಹುದು, ಒಪ್ಪೋಣ. ಉಳಿದ ಹೊಗೆ ಕಾರ್ಬನ್ ಲೆಕ್ಕದಲ್ಲಿ ‘ಸ್ಕೋಪ್ 3’ ಎಂಬ ಖಾತೆಗೆ, ಅಂದರೆ ಕಂಪನಿಗಾಗಿ ಬೇರೆಯವರು ಹೊರಬಿಟ್ಟ ಹೊಗೆಯ ಖಾತೆಗೆ, ಜಾರುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಅಲ್ಲಿನ ಅಗ್ರ 1000 ಕಂಪನಿಗಳಿಗೆ ಕಡ್ಡಾಯ ಮಾಡಿದ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಗಾರಿಕೆಯ ವರದಿ) ನಮೂನೆಯಲ್ಲಿ ಕಂಪನಿಯ ಸ್ವಂತ ವಿದ್ಯುತ್ ಬಳಕೆಯನ್ನು ತುಂಬಲೇಬೇಕು. ಸ್ಕೋಪ್ 3ರ ಸಾಲು ಇರುವುದು ಐಚ್ಛಿಕ ಭಾಗದಲ್ಲಿ.