ಮತ್ಸ್ಯಕನ್ಯೆ ಕಾರ್ಟೂನಿನಲ್ಲಿ ಬದುಕ್ತಾಳೆ, ಪುಸ್ತಕದಲ್ಲಿ ಇಲ್ಲ. ಯಾವುದು ನಿಜವಾದ ಕಥೆ?

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಡಿಸ್ನಿಯ ‘ಲಿಟಲ್ ಮರ್ಮೇಡ್’ ಅಂದ್ರೆ ಪ್ರಾಣ. ಮೊನ್ನೆ ತಂದ ಪುಸ್ತಕದಲ್ಲಿ ಮತ್ಸ್ಯಕನ್ಯೆ ಕೊನೆಗೆ ನೊರೆಯಾಗಿ ಹೋಗ್ತಾಳೆ. ‘ಅಮ್ಮಾ, ಯಾವ್ದು ನಿಜವಾದ ಕಥೆ?’ ಅಂತ ಬೆನ್ನು ಬಿದ್ದಿದ್ದಾಳೆ. ಏನು ಹೇಳಲಿ? ಇಂಥ ದುಃಖದ ಕಥೆ ಈಗಲೇ ಬೇಕಾ?

ಉತ್ತರ: ಈ ಕಥೆಯ ಮಟ್ಟಿಗೆ ಪುಸ್ತಕದ್ದೇ ಮೂಲ ಅಂತ ಧೈರ್ಯವಾಗಿ ಹೇಳಿ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಕಥೆ ಅದು. ಯಾರದೋ ಬಾಯಿಂದ ಕೇಳಿ ಬರೆದುಕೊಂಡದ್ದಲ್ಲ, ತಾನೇ ಕೂತು ಕಟ್ಟಿದ್ದು. ಅದರಲ್ಲಿ ರಾಜಕುಮಾರನಿಗಾಗಿ ಮನುಷ್ಯರ ಕಾಲು ಬೇಕು ಅಂತ ಬಂದ ಹುಡುಗಿಯ ನಾಲಿಗೆಯನ್ನೇ ಮಾಟಗಾತಿ ಕತ್ತರಿಸುತ್ತಾಳೆ. ಕಾಲು ಬಂದ ಮೇಲೆ ಒಂದೊಂದು ಹೆಜ್ಜೆಯೂ ಚಾಕು ತುಳಿದ ಹಾಗೆ ನೋಯುತ್ತೆ. ಅಷ್ಟೆಲ್ಲ ಸಹಿಸಿದರೂ ರಾಜಕುಮಾರ ಮದುವೆಯಾಗುವುದು ಬೇರೆಯವಳನ್ನು.

1989ರ ಡಿಸ್ನಿ ಸಿನಿಮಾದಲ್ಲಿ ನಾಲಿಗೆ ಹಾಗೇ ಇರುತ್ತೆ, ಮಾಟಗಾತಿ ಅವಳ ಧ್ವನಿಯನ್ನು ಮಾತ್ರ ಒಂದು ಚಿಪ್ಪಿನಲ್ಲಿ ಹಿಡಿದಿಟ್ಟುಕೊಳ್ತಾಳೆ. ಚಿಪ್ಪು ಒಡೆದರೆ ಧ್ವನಿ ವಾಪಸ್ ಬರುತ್ತೆ. ಆದರೆ ಕತ್ತರಿಸಿದ ನಾಲಿಗೆ ಬರಲ್ಲ. ನನ್ನ ಪ್ರಕಾರ ಸಿನಿಮಾದ ಕೊನೆಯಲ್ಲಿ ಅವಳಿಗಾಗೋ ಮದುವೆ ನಿಶ್ಚಯವಾಗಿದ್ದು ಆ ಚಿಪ್ಪಿನಲ್ಲೇ.

‘ಮಕ್ಕಳು ತಡ್ಕೊಳ್ಳಲ್ಲ, ಅದಕ್ಕೇ ಬದಲಾಯಿಸ್ತಾರೆ’ ಅಂತ ಎಲ್ಲರೂ ಹೇಳ್ತಾರೆ. ಹಾಗಾದ್ರೆ 1968ರಲ್ಲಿ ಸೋವಿಯತ್ ರಷ್ಯಾದಲ್ಲಿ, 1975ರಲ್ಲಿ ಜಪಾನಿನ ತೋಯೆ ಸ್ಟುಡಿಯೋದಲ್ಲಿ ಇದೇ ಕಥೆ ಕಾರ್ಟೂನ್ ಆದಾಗ ದುಃಖದ ಕೊನೆಯನ್ನು ಹಾಗೇ ಉಳಿಸಿಕೊಂಡರಲ್ಲ, ಅಲ್ಲಿದ್ದವರೂ ಮಕ್ಕಳೇ ಅಲ್ವಾ?

ಇನ್ನು ‘ಸ್ನೋ ವೈಟ್’ ಬಗ್ಗೆಯೂ ಅವಳು ಕೇಳಿದರೆ ಉತ್ತರ ಬೇರೆಯೇ ಆಗುತ್ತೆ. ಅದು ಜನರ ಬಾಯಲ್ಲಿದ್ದ ಕಥೆ. ಜರ್ಮನಿಯ ಗ್ರಿಮ್ ಸಹೋದರರು ಅದನ್ನು ಸಂಗ್ರಹಿಸಿ 1812ರಲ್ಲಿ ಅಚ್ಚು ಹಾಕಿಸಿದರು, ಆಮೇಲೆ 1857ರವರೆಗೆ ಏಳು ಆವೃತ್ತಿಗಳಲ್ಲಿ ತಮ್ಮ ಕಥೆಗಳನ್ನು ತಿದ್ದುತ್ತಲೇ ಹೋದರು. ಮೊದಲ ಆವೃತ್ತಿಯಲ್ಲಿ ಮಗಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ! 1819ರ ಆವೃತ್ತಿಗೆ ಅವಳು ಮಲತಾಯಿ ಆದಳು. ತಾಯಿ ಹಾಗೆ ಮಾಡ್ತಾಳೆ ಅಂತ ಮಕ್ಕಳ ಪುಸ್ತಕದಲ್ಲಿ ಬರೆಯೋದು ಕಷ್ಟ, ಅದು ನನಗೆ ಅರ್ಥವಾಗುತ್ತೆ.

ರಾಜಕುಮಾರ ಮುತ್ತು ಕೊಟ್ಟು ಅವಳನ್ನು ಎಬ್ಬಿಸೋದು ಎಲ್ಲರಿಗೂ ಗೊತ್ತಲ್ಲ, ಅದು ಗ್ರಿಮ್ ಅವರ ಸ್ನೋ ವೈಟ್‌ನಲ್ಲಿ ಇಲ್ಲವೇ ಇಲ್ಲ. 1812ರ ಪುಸ್ತಕದಲ್ಲಿ ಅವಳನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆ ಹೊತ್ತು ಹೊತ್ತು ಸಾಕಾದ ಆಳೊಬ್ಬ ಸಿಟ್ಟು ಬಂದು ಅವಳ ಬೆನ್ನಿಗೊಂದು ಗುದ್ದುತ್ತಾನೆ, ಗಂಟಲಲ್ಲಿ ಸಿಕ್ಕಿಕೊಂಡಿದ್ದ ವಿಷದ ಸೇಬಿನ ಚೂರು ಹೊರಗೆ ಬಿದ್ದು ಅವಳು ಎದ್ದು ಕೂರ್ತಾಳೆ. ಮುಂದಿನ ಆವೃತ್ತಿಗಳಲ್ಲಿ ಗುದ್ದು ಹೋಗಿ, ಆಳುಗಳು ಎಡವಿದ್ದಕ್ಕೆ ಚೂರು ಬೀಳುತ್ತೆ. 1937ರಲ್ಲಿ ಡಿಸ್ನಿ ಎಡವೋದನ್ನೂ ತೆಗೆದು ಮುತ್ತು ತಂದ. ಮಲತಾಯಿ ರಾಣಿ ಅವಳನ್ನು ಕೊಲ್ಲೋಕೆ ಮೂರು ಸಲ ಬರೋ ಕಡೆ ಒಂದೇ ಸಲ ಬರುವ ಹಾಗೆ ಮಾಡಿದ. ಲಾಡಿ, ವಿಷದ ಬಾಚಣಿಗೆ ಎರಡೂ ಹೋಗಿ ಸೇಬು ಮಾತ್ರ ಉಳಿಯಿತು. ಹೆಸರೇ ಇಲ್ಲದ ಏಳು ಕುಬ್ಜರಿಗೆ ಒಂದೊಂದು ಹೆಸರು, ಒಂದೊಂದು ಸ್ವಭಾವ ಸಿಕ್ಕಿತು. ಇದರಲ್ಲಿ ‘ನಿಜವಾದದ್ದು’ ಯಾವುದು ಅಂತ ಹೇಗೆ ಹೇಳೋದು? ಹೇಳಿದವರೆಲ್ಲ ಬದಲಾಯಿಸಿದ್ದಾರೆ, ಕಾರ್ಟೂನ್ ಮಾಡಿದವರೂ ಅದೇ ಸಾಲಿನವರು. ಆಂಡರ್ಸನ್‌ನ ಕಥೆ ಹಾಗಲ್ಲ, ಅದು ಒಬ್ಬನ ಮನಸ್ಸಿನಿಂದ ಬಂದದ್ದು. ಅದರ ಕೊನೆ ತೆಗೆದರೆ ಅವನು ಹೇಳಬೇಕೆಂದಿದ್ದೇ ಹೋಗುತ್ತೆ. ಅದಕ್ಕೇ ಮತ್ಸ್ಯಕನ್ಯೆಯ ವಿಷಯದಲ್ಲಿ ನಾನು ಇಷ್ಟು ಹಟ ಮಾಡೋದು.

ಈಗಲೇ ಬೇಕಾ ಅಂದ್ರಲ್ಲ. ಗ್ರಿಮ್ ಕಥೆಯ ಕೊನೆಯಲ್ಲಿ ರಾಣಿಗೆ ಕಾದ ಕಬ್ಬಿಣದ ಬೂಟು ಹಾಕಿಸಿ, ಸಾಯೋವರೆಗೂ ಕುಣಿಸ್ತಾರೆ. ಏಳರ ಮಗುವಿಗೆ ನಾನಂತೂ ಅದನ್ನು ಹೇಳಲ್ಲ. ಆದರೆ ಮತ್ಸ್ಯಕನ್ಯೆಯ ದುಃಖ ಬೇರೆ ಥರದ್ದು. ನಮ್ಮ ಮಕ್ಕಳು ಪುಣ್ಯಕೋಟಿ ಕೇಳಿಯೇ ಬೆಳೆಯೋದು, ಅಲ್ಲಿ ಕೊನೆಗೆ ಹುಲಿ ಪ್ರಾಣ ಬಿಡುತ್ತೆ. ಮಕ್ಕಳು ಅಳ್ತಾರೆ, ಮರುದಿನ ಮತ್ತೆ ಅದನ್ನೇ ಹಾಡು ಅಂತಾರೆ.

ಕಾರ್ಟೂನ್ ತೋರಿಸೋದನ್ನು ನಿಲ್ಲಿಸಬೇಡಿ, ಅದರ ಹಾಡು, ಬಣ್ಣ ಎಲ್ಲ ಅವಳಿಗೆ ಸಿಗಲಿ. ಪುಸ್ತಕವನ್ನು ಮಾತ್ರ ಪಕ್ಕದಲ್ಲಿ ಕೂತು ನೀವೇ ಓದಿ, ಕೊನೆಯ ಪುಟಗಳಲ್ಲಿ ಅವಸರ ಮಾಡಬೇಡಿ. ಅಕ್ಕಂದಿರು ತಮ್ಮ ಉದ್ದ ಕೂದಲನ್ನು ಮಾಟಗಾತಿಗೆ ಕತ್ತರಿಸಿ ಕೊಟ್ಟು, ನೀರಿನ ಮೇಲೆ ಬಂದು ತಂಗಿಗೆ ಒಂದು ಚಾಕು ಕೊಡ್ತಾರೆ. ರಾಜಕುಮಾರನನ್ನು ಕೊಂದರೆ ಅವಳು ಬದುಕ್ತಾಳೆ. ಅವಳು ಮಲಗಿರುವ ಅವನನ್ನು ನೋಡಿ, ಚಾಕುವನ್ನು ಸಮುದ್ರಕ್ಕೆ ಎಸೀತಾಳೆ. ನೊರೆಯಾದ ಮೇಲೂ ಕಥೆ ಮುಗಿಯಲ್ಲ, ಅವಳು ಗಾಳಿಯ ಮಗಳಾಗ್ತಾಳೆ. 300 ವರ್ಷ ಒಳ್ಳೇದು ಮಾಡಿದರೆ, ಮತ್ಸ್ಯಕನ್ಯೆಯರಿಗೆ ಇಲ್ಲದ ಅಮರ ಆತ್ಮ ಅವಳಿಗೂ ಸಿಗುತ್ತೆ. ಅಪ್ಪ ಅಮ್ಮನಿಗೆ ಖುಷಿ ಕೊಡೋ ಮಗುವನ್ನು ಕಂಡಾಗೆಲ್ಲ ಅದರಲ್ಲಿ ಒಂದು ವರ್ಷ ಕಮ್ಮಿಯಾಗುತ್ತೆ ಅಂತ ಆಂಡರ್ಸನ್ ಬರೆದಿದ್ದಾನೆ. ನಿಮ್ಮ ಮಗಳಿಗೆ ಅದನ್ನು ತಪ್ಪದೆ ಓದಿ ಹೇಳಿ.