ಚೈನ್ ಬಿದ್ದೋನಿಗೋಸ್ಕರ ಕಾಯ್ಬೇಕಾ? ಗಾಳಿ ಲೆಕ್ಕ ಏನ್ ಹೇಳುತ್ತೆ ನೋಡಿ

2010ರ ಜುಲೈ 19, ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ 15ನೇ ಸ್ಟೇಜ್, ಅಂದ್ರೆ 15ನೇ ದಿನದ ಓಟ. ಪಿರನೀಸ್ ಬೆಟ್ಟಗಳಲ್ಲಿ ಪೋರ್ ದ ಬಾಲೆಸ್ ಅಂತ ಒಂದು ಏರು, ಅದರ ತುದಿ ಹತ್ತಿರ ಬರ್ತಿದ್ದ ಹಾಗೆ ಹಳದಿ ಜೆರ್ಸಿ (ಒಟ್ಟು ಟೈಮಲ್ಲಿ ಮುಂದಿರೋನು ಹಾಕೋದು) ಹಾಕಿದ್ದ ಲಕ್ಸೆಂಬರ್ಗ್‌ನ ಆ್ಯಂಡಿ ಶ್ಲೆಕ್ ಜೋರಾಗಿ ತುಳಿದು ಮುಂದೆ ನುಗ್ಗಿದ, ಅದೇ ಹೊತ್ತಿಗೆ ಸರಿಯಾಗಿ ಚೈನ್ ಬಿತ್ತು. ಹಿಂದೆ ಇದ್ದ ಸ್ಪೇನ್‌ನ ಅಲ್ಬೆರ್ಟೊ ಕಾಂಟಡೋರ್ ಪಕ್ಕದಿಂದ ಹೊರಟೇಹೋದ. ಶ್ಲೆಕ್ ಇಳಿದು ಚೈನ್ ಹಾಕ್ಕೊಂಡು ಎಷ್ಟೇ ಅಟ್ಟಿಸಿಕೊಂಡು ಹೋದ್ರೂ 39 ಸೆಕೆಂಡ್ ಕಳ್ಕೊಂಡ, ಹಳದಿ ಜೆರ್ಸಿನೂ ಹೋಯ್ತು. ಸಂಜೆ ಪೋಡಿಯಂ ಹತ್ತಿದ ಕಾಂಟಡೋರ್‌ಗೆ ಜನ ಕೂಗಾಡಿ ಮರ್ಯಾದೆ ತೆಗೆದ್ರು, ಅವತ್ತೇ ಅವನು ಒಂದು ವಿಡಿಯೋ ಹಾಕಿ ಸಾರಿ ಕೇಳಿದ. ಆಮೇಲೆ ಪ್ಯಾರಿಸ್ ತಲುಪಿದಾಗ ಇಬ್ಬರ ನಡುವಿನ ಒಟ್ಟು ಅಂತರ ಎಷ್ಟಿತ್ತು ಅಂದ್ರೆ, ಅದೇ 39 ಸೆಕೆಂಡ್. (ಡೋಪಿಂಗ್ ಕೇಸಲ್ಲಿ 2012ರಲ್ಲಿ ಕಾಂಟಡೋರ್ ಪಟ್ಟ ಕಿತ್ತು ಶ್ಲೆಕ್‌ಗೆ ಕೊಟ್ರು, ಅದು ಬೇರೇ ಕಥೆ.)

ರೂಲ್ ಬುಕ್ ಪ್ರಕಾರ ಕಾಂಟಡೋರ್ ಮಾಡಿದ್ದರಲ್ಲಿ ತಪ್ಪೇ ಇಲ್ಲ. ಎದುರಾಳಿ ಗಾಡಿ ಕೆಟ್ರೆ ನೀನು ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ. ಆದ್ರೂ ರೋಡ್ ಸೈಕ್ಲಿಂಗಲ್ಲಿ ಇಂಥ ಬರೆಯದ ರೂಲ್ಸ್ ಸುಮಾರಿವೆ. ಹಳದಿ ಜೆರ್ಸಿಯೋನು ಬಿದ್ರೆ ಅಥವಾ ಪಂಕ್ಚರ್ ಆದ್ರೆ ಅಟ್ಯಾಕ್ ಮಾಡಬಾರದು (ಅಂದ್ರೆ ದಿಢೀರ್ ಅಂತ ಸ್ಪೀಡ್ ಏರಿಸಿ ಬಿಟ್ಟು ಓಡಬಾರದು), ಅವನು ಒಂದಕ್ಕೆ ಅಂತ ರಸ್ತೆ ಪಕ್ಕ ನಿಂತ್ರೆ ಓಡಿಹೋಗಬಾರದು, ಊಟದ ಚೀಲ ತಗೊಳೋ ಜಾಗದಲ್ಲಿ ಸ್ಪೀಡ್ ಏರಿಸಬಾರದು, ಪ್ಯಾರಿಸ್‌ನ ಕೊನೇ ಸ್ಟೇಜಲ್ಲಿ ಒಟ್ಟಾರೆ ಲೀಡರ್ ಮೇಲೆ ಬೀಳಬಾರದು, ಹೀಗೆ. ಫುಟ್‌ಬಾಲಲ್ಲಿ ಗೋಲ್‌ಕೀಪರ್ ಜಾರಿ ಬಿದ್ರೆ ಯಾರೂ ಕಾಯಲ್ಲ, ಇಲ್ಲಿ ಯಾಕೆ ಕಾಯ್ತಾರೆ? ಸೈಕಲ್ ತುಳಿಯೋರೆಲ್ಲ ದೊಡ್ಡ ಮನಸ್ಸಿನೋರು ಅನ್ನೋದನ್ನ ನಾನು ನಂಬಲ್ಲ. ನನ್ನ ಪ್ರಕಾರ ಉತ್ತರ ಇರೋದು ಗಾಳಿಯಲ್ಲಿ.

ಸಮತಟ್ಟಾದ ರಸ್ತೇಲಿ ಗಂಟೆಗೆ 45 ಕಿಲೋಮೀಟರ್ ಸ್ಪೀಡಲ್ಲಿ ಒಬ್ಬನೇ ಹೋಗ್ತಿದೀನಿ ಅಂದ್ಕೊಳ್ಳಿ. ಗಾಳಿಯನ್ನ ಸೀಳೋದಕ್ಕೇ ಅಂದಾಜು 350 ವಾಟ್ ಬೇಕು, ಟೈರ್ ತಿಕ್ಕಾಟ, ಚೈನ್ ತಿಕ್ಕಾಟ ಎಲ್ಲ ಅದರ ಮುಂದೆ ಚಿಲ್ಲರೆ. ಗಾಳಿಗೆ ಬೇಕಾದ ಪವರ್ ಸ್ಪೀಡಿನ ಘನಕ್ಕೆ ತಕ್ಕ ಹಾಗೆ ಏರುತ್ತೆ, ಅಂದ್ರೆ ಸ್ಪೀಡ್ ಎರಡು ಪಟ್ಟು ಮಾಡ್ಬೇಕು ಅಂದ್ರೆ ಕಾಲಲ್ಲಿ ಎಂಟು ಪಟ್ಟು ದಮ್ ಬೇಕು. ಆದ್ರೆ ಇನ್ನೊಬ್ಬನ ಹಿಂದಿನ ಚಕ್ರಕ್ಕೆ ಅಂಟ್ಕೊಂಡು ಹೋದ್ರೆ ಮುಂದಿನೋನು ಗಾಳಿ ಸೀಳಿ ಕೊಡ್ತಾನೆ, ನಿಮಗೆ ಆರಾಮ್. ಪೆಲೊಟಾನ್ ಅಂತಾರಲ್ಲ, ಆ ದೊಡ್ಡ ಗುಂಪಿನ ಒಳಗಡೆ ಇನ್ನೂ ಆರಾಮ್. ಬೆಲ್ಜಿಯಂನ ಬೆರ್ಟ್ ಬ್ಲಾಕನ್ ಮತ್ತೆ ಅವರ ತಂಡದೋರು 121 ಸೈಕ್ಲಿಸ್ಟ್‌ಗಳ ಗುಂಪಿನ ಮಾದರಿ ಮಾಡಿ ಕಂಪ್ಯೂಟರಲ್ಲೂ ವಿಂಡ್ ಟನಲಲ್ಲೂ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿದ್ರೆ ತಲೆ ತಿರುಗುತ್ತೆ, ಗುಂಪಿನ ಒಳಗೆ ಹಿಂದೆ ಇರೋನಿಗೆ ಬೀಳೋ ಗಾಳಿಯ ತಡೆ ಒಬ್ಬನೇ ಹೋಗೋನಿಗೆ ಹೋಲಿಸಿದ್ರೆ ಬರೀ 5ರಿಂದ 10 ಪರ್ಸೆಂಟ್!

ಇದರ ಅರ್ಥ ಏನಂದ್ರೆ, ಫ್ಲ್ಯಾಟ್ ರಸ್ತೇಲಿ ಎದುರಾಳಿನೂ ಬೇಕೇ ಬೇಕು. ಎಂಥಾ ಚಾಂಪಿಯನ್ ಆದ್ರೂ ಗುಂಪನ್ನ ಎದುರು ಹಾಕ್ಕೊಂಡ್ರೆ ಮುಗೀತು, ಹೊರಗೆ ಗಾಳಿಗೆ ಸಿಕ್ಕಿ ಸಾಯ್ತಾನೆ. ಟೂರ್‌ನಲ್ಲಿ 21 ಸ್ಟೇಜ್, ಮೂರು ವಾರ ಅದೇ ಮುಖಗಳು, ಮುಂದಿನ ತಿಂಗಳು ಇನ್ನೊಂದು ರೇಸಲ್ಲೂ ಅವೇ ಮುಖಗಳು. ಗೇಮ್ ಥಿಯರಿಯೋರು, ಅಂದ್ರೆ ಪೈಪೋಟೀಲಿ ಯಾರು ಯಾವ ಪಟ್ಟು ಹಾಕ್ತಾರೆ ಅಂತ ಲೆಕ್ಕ ಹಾಕೋರು, ಈ ಪರಿಸ್ಥಿತಿ ಬಗ್ಗೆ ತುಂಬಾ ತಲೆ ಕೆಡಿಸ್ಕೊಂಡಿದಾರೆ. 1980ರ ಸುಮಾರಿಗೆ ರಾಬರ್ಟ್ ಆ್ಯಕ್ಸೆಲ್‌ರಾಡ್ ಅನ್ನೋ ಅಮೆರಿಕದ ಪ್ರೊಫೆಸರ್ ಕಂಪ್ಯೂಟರ್ ಪ್ರೋಗ್ರಾಂಗಳ ನಡುವೆ ಒಂದು ಪಂದ್ಯಾವಳಿ ಇಟ್ಟಿದ್ರು, ಪ್ರತೀ ಜೋಡಿ ಮತ್ತೆ ಮತ್ತೆ ಎದುರಾಗ್ಬೇಕು, ಪ್ರತೀ ಸಲ ಸಹಕಾರ ಅಥವಾ ಮೋಸ ಎರಡರಲ್ಲಿ ಒಂದು ಆರಿಸ್ಕೋಬೇಕು. ಗೆದ್ದಿದ್ದು ಮುಯ್ಯಿಗೆ ಮುಯ್ಯಿ ಅನ್ನೋ ತುಂಬಾ ಸರಳ ಪ್ರೋಗ್ರಾಂ: ಮೊದಲು ಒಳ್ಳೇತನ, ಆಮೇಲೆ ಹಿಂದಿನ ಸಲ ಎದುರಿನೋನು ಏನು ಮಾಡಿದ್ನೋ ಅದೇ ವಾಪಸ್.

ಸೈಕ್ಲಿಂಗಲ್ಲಿ ಇದಕ್ಕೆ ಚಂದದ ಉದಾಹರಣೆ 1957ರ ಜಿರೋ ಡಿ ಇಟಾಲಿಯಾ, ಟೂರ್ ಥರಾನೇ ಇಟಲಿಯ ದೊಡ್ಡ ರೇಸ್. ಲಕ್ಸೆಂಬರ್ಗ್‌ನೋನೇ ಆದ ಶಾರ್ಲಿ ಗೋಲ್ ಲೀಡಲ್ಲಿದ್ದ, ರಸ್ತೆ ಪಕ್ಕ ಒಂದಕ್ಕೆ ನಿಂತ, ಅದೇ ಹೊತ್ತಲ್ಲಿ ಫ್ರಾನ್ಸ್‌ನ ಲೂಯಿಸೋ ಬೋಬೆ ಮತ್ತೆ ಜೊತೆಗಿದ್ದೋರು ಅಟ್ಯಾಕ್ ಮಾಡಿ ಹೊರಟೋದ್ರು. ಗೋಲ್‌ನ ಗುಲಾಬಿ ಜೆರ್ಸಿ (ಜಿರೋದಲ್ಲಿ ಲೀಡರ್ ಹಾಕೋದು) ಹೋಯ್ತು. ಇನ್ನು ತಾನಂತೂ ಗೆಲ್ಲಲ್ಲ, ಬೋಬೆನೂ ಗೆಲ್ಲಬಾರದು ಅಂತ ಅವನು ಎದುರಾಳಿ ಇಟಲಿಯ ಗಾಸ್ಟೋನೆ ನೆನ್ಚೀನಿಗೆ ಸಹಾಯ ಮಾಡೋಕೆ ನಿಂತ. ನೆನ್ಚೀನಿ ಗೆದ್ದ, ಬೋಬೆ ಸೋತಿದ್ದು 19 ಸೆಕೆಂಡಲ್ಲಿ.

ಹಂಗಾದ್ರೆ ಕಾಂಟಡೋರ್ ಯಾಕೆ ಕಾಯಲಿಲ್ಲ? ಇಲ್ಲೂ ಲೆಕ್ಕ ಇದೆ. 8 ಪರ್ಸೆಂಟ್ ಏರಲ್ಲಿ, ಗಂಟೆಗೆ 20 ಕಿಲೋಮೀಟರ್ ಸ್ಪೀಡಲ್ಲಿ, ಸೈಕಲ್ ಸೇರಿ 78 ಕೇಜಿ ತೂಕನ ಮೇಲಕ್ಕೆ ಎತ್ತೋಕೇ ಸುಮಾರು 340 ವಾಟ್ ಬೇಕು, ಗಾಳಿಗೆ ಹೋಗೋದು 35 ವಾಟ್ ಆಸುಪಾಸು ಅಷ್ಟೇ. ಬೇರೆಯೋನ ಹಿಂದೆ ಅಡಗಿ ಉಳಿಸೋದು ಚೂರುಪಾರು. ಬೆಂಗಳೂರಿಂದ ನಂದಿ ಬೆಟ್ಟಕ್ಕೆ ಸೈಕಲಲ್ಲಿ ಹೋಗೋರಿಗೆ ಇದು ಚೆನ್ನಾಗಿ ಗೊತ್ತಿರುತ್ತೆ, ಹೈವೇಲಿ ಗೆಳೆಯನ ಹಿಂದೆ ಅಂಟ್ಕೊಂಡು ಬಂದಿದ್ದು ಬೆಟ್ಟದ ಬುಡದವರೆಗೆ, ಆಮೇಲೆ ಅವರವರ ಕಾಲು ಅವರವರಿಗೆ. ಏರಲ್ಲಿ ಗುಂಪಿನ ಹಂಗಿಲ್ಲ, ಹಂಗಿಲ್ಲದ ಕಡೆ ಮರ್ಯಾದೆನೂ ಸ್ವಲ್ಪ ಸಡಿಲ. 2017ರ ಜಿರೋದಲ್ಲೂ ಹಿಂಗೇ ಆಯ್ತು, ಲೀಡಲ್ಲಿದ್ದ ನೆದರ್ಲೆಂಡ್ಸ್‌ನ ಟಾಮ್ ಡುಮೊಲಾನ್‌ಗೆ ಕೊನೇ ಏರು ಉಂಬ್ರೈಲ್ ಪಾಸ್ ಶುರುವಾಗೋ ಮುಂಚೆ ಹೊಟ್ಟೆ ಕೆಟ್ಟು ರಸ್ತೆ ಪಕ್ಕ ಕೂತ್ಕೋಬೇಕಾಯ್ತು, ಟೀವೀಲಿ ಇಡೀ ಪ್ರಪಂಚ ನೋಡ್ತು ಪಾಪ. ಅವನು ವಾಪಸ್ ಬಂದು ಸೇರ್ಕೊಳ್ಳೋ ತನಕ ಎದುರಾಳಿಗಳು ಕಾಯಲಿಲ್ಲ, ಎರಡು ನಿಮಿಷಕ್ಕಿಂತ ಜಾಸ್ತಿ ಹೋಯ್ತು. ಕೊನೆಗೆ 31 ಸೆಕೆಂಡ್ ಅಂತರದಲ್ಲಿ ಗೆದ್ದಿದ್ದು ಅವನೇ.

ಲೆಕ್ಕ ಎಲ್ಲಾ ಕಡೆ ಕೂರಲ್ಲ, ಅದನ್ನೂ ಹೇಳ್ಬೇಕು. 2022ರ ಟೂರಲ್ಲಿ ಸ್ಪಾಂಡೆಲ್ ಬೆಟ್ಟದ ಇಳಿಜಾರಲ್ಲಿ ಸ್ಲೊವೇನಿಯಾದ ಪೊಗಾಚಾರ್ ಬಿದ್ದಾಗ ಹಳದಿ ಜೆರ್ಸಿಯ ಡೆನ್ಮಾರ್ಕಿನ ವಿಂಗೆಗೋರ್ ಕಾದ, ಇಬ್ಬರೂ ಸೈಕಲ್ ಮೇಲೇ ಕೈ ಕೊಟ್ಕೊಂಡ್ರು. ವಿಂಗೆಗೋರ್‌ಗೆ ಆಗಲೇ ಎರಡು ನಿಮಿಷಕ್ಕಿಂತ ಜಾಸ್ತಿ ಲೀಡ್ ಇತ್ತು, ಕಾದ್ರೆ ಅಷ್ಟೇನೂ ನಷ್ಟ ಇರಲಿಲ್ಲ ಅಂತ ನನ್ನಂಥ ಅನುಮಾನದ ಪ್ರಾಣಿ ಹೇಳಬಹುದು, ಆದ್ರೆ ಆ ಕ್ಷಣದಲ್ಲಿ ಅವನು ವಾಟ್ ಲೆಕ್ಕ ಹಾಕ್ತಾ ಇದ್ದ ಅಂತ ನಂಗನ್ಸಲ್ಲ.

ಬರೆಯದ ರೂಲ್ ಅಂದ್ರೆ ಇನ್ನೊಂದು ತಾಪತ್ರಯ, ಅದು ಯಾವಾಗ ಜಾರಿ ಅಂತ ತೀರ್ಮಾನ ಮಾಡೋದು ಗುಂಪಿನ ದೊಡ್ಡ ತಲೆಗಳು. ಅದೇ 2010ರ ಟೂರಲ್ಲಿ ಎರಡನೇ ಸ್ಟೇಜಲ್ಲಿ ಒದ್ದೆ ರಸ್ತೇಲಿ ತುಂಬಾ ಜನ ಬಿದ್ರು, ಶ್ಲೆಕ್ ಕೂಡ ಬಿದ್ದ. ಆಗ ಹಳದಿ ಜೆರ್ಸಿ ಹಾಕಿದ್ದೋನು ಶ್ಲೆಕ್‌ನ ಟೀಮ್‌ಮೇಟ್ ಕ್ಯಾನ್ಸೆಲಾರಾ, ಅವನೇ ಮುಂದೆ ನಿಂತು ಇಡೀ ಪೆಲೊಟಾನ್ ನಿಧಾನ ಮಾಡಿಸಿದ, ಅದರಿಂದ ತನ್ನ ಜೆರ್ಸಿನೇ ಕಳ್ಕೊಂಡ. ಮಾರನೇ ದಿನ ಕಲ್ಲು ಹಾಸಿನ ರಸ್ತೇಲಿ ಮತ್ತೆ ಜನ ಬಿದ್ರು, ಈ ಸಲ ಹಿಂದೆ ಸಿಕ್ಕಿಹಾಕ್ಕೊಂಡಿದ್ದು ಕಾಂಟಡೋರ್. ಕ್ಯಾನ್ಸೆಲಾರಾ ಶ್ಲೆಕ್‌ನನ್ನ ತನ್ನ ಹಿಂದೆ ಅಂಟಿಸ್ಕೊಂಡು ಗಾಳಿ ಸೀಳ್ತಾ ಹಾರಿಹೋದ, ಕಾಂಟಡೋರ್‌ಗೆ ಒಂದು ನಿಮಿಷಕ್ಕಿಂತ ಜಾಸ್ತಿ ಲಾಸ್. ಅವತ್ತು ಕಾಯೋ ರೂಲ್ ಎಲ್ಲಿ ಹೋಗಿತ್ತೋ!

ಇದರ ಕೆಟ್ಟ ಮುಖ ನೋಡ್ಬೇಕು ಅಂದ್ರೆ 2004ರ ಟೂರ್‌ಗೆ ಹೋಗ್ಬೇಕು. ಇಟಲಿಯ ಫಿಲಿಪ್ಪೊ ಸಿಮಿಯೋನಿ, ಡಾಕ್ಟರ್ ಮಿಕೇಲೆ ಫೆರಾರಿ ವಿರುದ್ಧ ಡೋಪಿಂಗ್ ಕೇಸಲ್ಲಿ ಸಾಕ್ಷಿ ಹೇಳಿದ್ದೋನು. ಆ ಡಾಕ್ಟರ್ ಜೊತೆ ಕೆಲಸ ಮಾಡ್ತಿದ್ದೋನು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. 18ನೇ ಸ್ಟೇಜಲ್ಲಿ ಸಿಮಿಯೋನಿ ಮುಂದಿದ್ದ ಸಣ್ಣ ಬ್ರೇಕ್‌ಅವೇ (ಪೆಲೊಟಾನ್ ಬಿಟ್ಟು ಮುಂದೆ ಓಡಿದ ಗುಂಪು) ಸೇರೋಕೆ ಹೊರಟಾಗ ಹಳದಿ ಜೆರ್ಸಿಯ ಆರ್ಮ್‌ಸ್ಟ್ರಾಂಗ್ ತಾನೇ ಹಿಂದೆ ಬಿದ್ದು ಬಂದ. ಹಳದಿ ಜೆರ್ಸಿ ಇರೋ ಬ್ರೇಕ್‌ಅವೇನ ಪೆಲೊಟಾನ್ ಯಾವತ್ತೂ ಬಿಡಲ್ಲ, ಇದು ಅಲ್ಲಿದ್ದೋರಿಗೆಲ್ಲ ಗೊತ್ತು, ಅವರು ಸಿಮಿಯೋನಿಗೆ ದಯವಿಟ್ಟು ನೀನು ಹಿಂದೆ ಹೋಗು ಅಂದ್ರು, ಅವನು ಹೋದ, ಆರ್ಮ್‌ಸ್ಟ್ರಾಂಗೂ ಹೋದ, ಹೋಗ್ತಾ ಕ್ಯಾಮೆರಾಗೆ ತುಟಿಗೆ ಜಿಪ್ ಎಳೆಯೋ ಸನ್ನೆ ಬೇರೆ ಮಾಡಿದ. ಪ್ಯಾರಿಸ್‌ನ ಕೊನೇ ದಿನ, ಯಾರೂ ಲೀಡರ್‌ಗೆ ತೊಂದ್ರೆ ಕೊಡಬಾರದು ಅನ್ನೋ ದಿನ, ಸಿಮಿಯೋನಿ ಬೇಕಂತಲೇ ಮತ್ತೆ ಮತ್ತೆ ಅಟ್ಯಾಕ್ ಮಾಡ್ತಾನೇ ಇದ್ದ, ಪ್ರತೀ ಸಲ ಅವನನ್ನ ಹಿಡಿಯೋಕೆ ಆರ್ಮ್‌ಸ್ಟ್ರಾಂಗ್ ಟೀಮಿನೋರು ಬೆವರು ಸುರಿಸ್ಬೇಕಾಯ್ತು. ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಪಟ್ಟ ಕಿತ್ಕೊಂಡಿದ್ದು 2012ರಲ್ಲಿ.